ಐದನೇ ಮನೆಯ ಬೂದುಗುಂಬಳ

ಬಸವಲಿಂಗಮ್ಮನವರ ತಮ್ಮ ಮಾರ್ಕೋನಹಳ್ಳಿಯಿಂದ ಒಂದು ಮೂಟೆ ಬೂದುಗುಂಬಳ ತಂದು ಇಳಿಸಿ ಹೋದದ್ದೇ ಎಲ್ಲಕ್ಕೂ ಮೂಲ. ಬಟವಾಡಿಯ ಆ ವಠಾರದ ಒಡತಿಯಾದ ಆಕೆ ಬೆಳಗಾಗುತ್ತಲೇ ಮನೆಗೊಂದರಂತೆ ಹಂಚಿದರು. ಆದರೆ ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ, ಗಂಡಸೇ ಹಾಕಬೇಕು. ವಠಾರದ ಗಂಡಸರೆಲ್ಲ ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗಿಯಾಗಿತ್ತು. ಉಳಿದವನು ಗುರುಪ್ರಕಾಶ್ ಒಬ್ಬನೇ.

ಅವನೂ ಅಲ್ಲಿಗೇ ಹೊರಟಿದ್ದ. ಡಿಗ್ರಿ ಮುಗಿದ ಎರಡು ವರ್ಷಕ್ಕೆ ಬಂದ ಮೊದಲ ಇಂಟರ್‌ವ್ಯೂ, ಹನ್ನೊಂದು ಗಂಟೆಗೆ. ಇಸ್ತ್ರಿ ಶರ್ಟು ಮುದುರೀತೆಂದು, ತುಂಬಿದ ಬಿಂದಿಗೆ ಹೊತ್ತವನ ಹಾಗೆ ನೆಟ್ಟಗೆ ನಡೆಯುತ್ತಿದ್ದವನನ್ನು ಬಸವಲಿಂಗಮ್ಮ ಗೇಟಿನಲ್ಲೇ ಹಿಡಿದರು.

“ಗುರು, ಒಂದೇಟು ಹಾಕೋಗಪ್ಪ. ಮಜ್ಜಿಗೆಹುಳಿ ಮಾಡ್ಬೇಕು.”

ಇಲ್ಲ ಅನ್ನಲು ಅವನ ನಾಲಿಗೆ ಯಾವತ್ತೂ ಏಳುತ್ತಿರಲಿಲ್ಲ. ಹಾಕಿದ. ಸದ್ದಿಗೆ ಪಕ್ಕದ ಬಾಗಿಲು ತೆರೆಯಿತು. ಕರಿಬಸಮ್ಮನಿಗೆ ಶುಗರ್, ಅದಕ್ಕೆ ಜ್ಯೂಸು. ಕಾವ್ಯಳಿಗೆ ಕಾಶಿ ಹಲ್ವ. ಜೈನಬ್ ಬೀಗೆ ಆ ಕಟ್ಟುಪಾಡೇನೂ ಇರಲಿಲ್ಲ. ಆದರೂ “ಎಲ್ರ ಮನೆಗೂ ಹೋದೆ, ನಮ್ಮನೆ ಒಂದು ಬಿಟ್ರೆ ಹೆಂಗಪ್ಪ?” ಎಂದು ಚಾಕು ಕೈಗಿತ್ತರು. ಅಷ್ಟರಲ್ಲಿ ಅವನ ಕಪ್ಪು ಪ್ಯಾಂಟು ಮೈತುಂಬ ವಿಭೂತಿ ಬಳಿದುಕೊಂಡ ಹಾಗಾಗಿತ್ತು.

ಐದನೇ ಮನೆಗೆ ನಿನ್ನೆಯಷ್ಟೇ ಬಂದ ದೀಪಿಕಾ, ಕಾಯನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಂಟೆ ಹತ್ತಾಗಿತ್ತು. ಗುರುಪ್ರಕಾಶ್ ಜೀವಮಾನದಲ್ಲಿ ಮೊದಲ ಸಲ ಗಟ್ಟಿ ಮನಸ್ಸು ಮಾಡಿದ.

“ಆಗಲ್ಲ ಅಕ್ಕ. ನಿಮ್ಮ ಯಜಮಾನ್ರಿಗೇ ಹೇಳಿ.”

ಅಂದವನೇ ಓಡಿದ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಫ್ಯಾಕ್ಟರಿ ಗೇಟು ಮುಟ್ಟಿದಾಗ ಅವನಿಗೆ ತನ್ನ ಮೇಲೇ ಅಭಿಮಾನ ಉಕ್ಕಿತು. ವಾಚ್‌ಮನ್ ಚಿಕ್ಕಮಾರಯ್ಯ ಮಾತ್ರ ಅವಸರವಿಲ್ಲದೆ ಬೆಂಚು ತೋರಿಸಿದ. ಇಂಟರ್‌ವ್ಯೂ ಮಾಡಬೇಕಾದ ಬಸವರಾಜ್ ಸರ್ ಈಗ ತಾನೇ ಬೈಕ್ ಹತ್ತಿ ಮನೆಗೆ ಹೋಗಿದ್ದರು.

“ಏನಾದ್ರೂ ಅರ್ಜೆಂಟಾ?”

“ಕುಂಬಳಕಾಯಿ ಹೆಚ್ಚಕ್ಕಂತೆ. ನಿನ್ನೆ ಬಟವಾಡೀಲಿ ಹೊಸ ಮನೆಗೆ ಬಂದವ್ರೆ. ವಠಾರ್‌ದಾಗೆ ಇದ್ದೋನು ಒಬ್ನೇ ಗಂಡ್ಸಂತೆ, ಅವ್ನೂ ಆಗಲ್ಲ ಅಂತ ಓಡೋದ್ನಂತೆ.”

ಗುರುಪ್ರಕಾಶ್ ಪ್ಯಾಂಟಿನ ಬೂದಿಯ ಮೇಲೆ ಮೆಲ್ಲಗೆ ಫೈಲು ಮುಚ್ಚಿಕೊಂಡ.

ಒಂದು ಗಂಟೆಗೆ ಫೋನು ಬಂತು. ಬಸವಲಿಂಗಮ್ಮ.

“ಗುರು, ಎಲ್ಲಿದೀಯಪ್ಪ? ಹೊಸ ಮನೆಯವ್ಳ ಗಂಡ ಬಂದು, ಕಾಯಿ ಬಿಟ್ಟು ಬೆರಳಿಗೇ ಹಾಕ್ಕೊಂಡವ್ನೆ. ನಾಲ್ಕು ಹೊಲಿಗೆ. ಹದಿನೈದು ದಿನ ರಜಾ ಅಂತೆ, ಪಾಪ. ಕಾಯಿ ಹಂಗೇ ಐತೆ. ಬಂದು ಒಂದೇಟು ಹಾಕ್ಬುಡು.”

“ಬಂದೆ ಅಮ್ಮ” ಅಂದ ಗುರುಪ್ರಕಾಶ್.