ಪೂರಿಗಾಲಿ ಮಾವನ ಕಾರೂ ನನ್ನ ಬ್ಯಾಟರಿಯೂ

ಬ್ಯಾಟರಿ ಕೆಲಸ ಹಿಡಿದವನು ನಗೋ ಸಂಗತಿಗಳನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಸ್ಸು ಹತ್ತಿ ಬರುತ್ತವೆ. ಮದ್ದೂರಿನಲ್ಲಿ ಮೋಟಾರು ಬ್ಯಾಟರಿಗಳಿಗೆ ಕರೆಂಟು ತುಂಬುವ ಅಂಗಡಿಯಲ್ಲಿ ನಾನಿದ್ದೇನೆ. ಅಂಗಡಿ ಯಜಮಾನರದು, ಹೆಸರು ನನ್ನದು. ಇಲ್ಲಿಂದ ಮಳವಳ್ಳಿವರೆಗೆ ಯಾವ ಕಾರು ದಾರಿಯಲ್ಲಿ ನಿಂತರೂ ಜನ ಮೊದಲು ದೇವರನ್ನ ಕರೆಯುತ್ತಾರೆ, ಆಮೇಲೆ ನನ್ನನ್ನ. ದೇವರು ಬಂದದ್ದನ್ನ ನಾನಂತೂ ಕಂಡಿಲ್ಲ.

ಬೆಳಗ್ಗೆ ಅಂಗಡಿ ಬಾಗಿಲು ತೆಗೆದರೆ ಸಾಲಾಗಿ ಕೂತ ಬ್ಯಾಟರಿಗಳು ಅನ್ನ ಕುದಿಯೋ ಹಾಗೆ ಸಣ್ಣಗೆ ಗುಳುಗುಳು ಅನ್ನುತ್ತಿರುತ್ತವೆ. ಆ ಸದ್ದು ಕೇಳುತ್ತಾ ಕೂತರೆ ಕಣ್ಣು ತೆರೆದಿದ್ದರೂ ಕನಸು ಬೀಳುತ್ತದೆ. ನನಗೆ ಬೀಳುತ್ತಿದ್ದದ್ದು ಒಂದೇ ಕನಸು: ಮಳವಳ್ಳಿ ಆಚೆಯ ಪೂರಿಗಾಲಿಯ ಸೋದರಮಾವನ ಮಗಳು.

ಮಾವ ಮೈಸೂರಿನ ಯಾರೋ ದೊಡ್ಡವರು ಓಡಿಸಿ ಬೇಸತ್ತ ಹಳೇ ಕಾರೊಂದನ್ನ ತಂದಿದ್ದ. ಮುಂದೆ ನಿಂತು ತಿರುಗಿಸಿ ಹೊರಡಿಸೋ ಹ್ಯಾಂಡಲ್ ಬರುವಾಗಲೇ ಇರಲಿಲ್ಲ, ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಮಾವ ಸಂತೆಗೆ ಹೊರಟರೂ ಆಳುಗಳು ಗದ್ದೆ ಬಿಟ್ಟು ಬಂದು ತಳ್ಳಬೇಕು. ನಾನು ಹೆಣ್ಣು ಕೇಳಿದ ದಿನ ಮಾವ ಜಗಲಿ ಮೇಲೆ ಕೂತು ನನ್ನ ಮೀಸೆಯನ್ನೇ ನೋಡಿದ.

"ಲೇ, ಬ್ಯಾಟರಿ ಪಂಡಿತ ಅಂತ ಊರೆಲ್ಲಾ ಏಳ್ಕೊಂಡು ತಿರುಗ್ತೀಯಲ್ಲ? ಬರೋ ಆಯುಧಪೂಜೆ ದಿನ ನೆಂಟ್ರ ಎದ್ರುಗೆ ಈ ಕಾರು ತಳ್ಳದೇನೆ ಒಂಟ್ರೆ ಎಣ್ಣು ನಿಂಗೆ. ಒರಡ್ಲಿಲ್ಲ ಅಂದ್ರೆ ಎಣ್ಣು ಕೇಳವ್ನಲ್ಲ, ಆ ಮಂಡ್ಯದ ಗುಮಾಸ್ತಂಗೆ."

"ಮದ್ವೆ ಪೇಟ ಈಗ್ಲೇ ತರ್ಲಾ, ಆಮ್ಯಾಕೆ ತರ್ಲಾ ಮಾವ?" ಅಂದೆ.

೧. ಹಲ್ಲು ನೋಡಿದ್ದು

ಹೊಸ ಬ್ಯಾಟರಿ ಆರಿಸೋಕೆ ಮಾವ ಖುದ್ದು ಮದ್ದೂರಿಗೆ ಬಂದ. ಆ ಕಾರಿಗೆ ತಕ್ಕ ಸಣ್ಣದೊಂದನ್ನ ನಾನು ಒರೆಸಿ ಮುಂದಿಟ್ಟೆ. ಮಾವ ಅದನ್ನ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಹೋಗಿ ಮೂಲೆಯಲ್ಲಿದ್ದ ಲಾರಿ ಬ್ಯಾಟರಿಯ ಬೆನ್ನು ತಟ್ಟಿದ. ಸುತ್ತ ಒಂದು ಸುತ್ತು ಬಂದ. ಬಿರಡೆ ತಿರುಗಿಸಿ ಒಳಗಿನ ಸೀಸದ ತಗಡುಗಳನ್ನ ಇಣುಕಿ ನೋಡಿ, "ಅಲ್ಲು ಚೆಂದಾಗವೆ" ಅಂದ. ಆಮೇಲೆ ಟವಲನ್ನ ನಮ್ಮ ಯಜಮಾನರ ಕೈ ಮೇಲೆ ಹಾಸಿ, ದನದ ಜಾತ್ರೆಯಲ್ಲಿ ಮಾಡೋ ಹಾಗೆ ಅದರ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರಕ್ಕಿಳಿದ. ಯಜಮಾನರು ಪಟ್ಟಣದವರು. ಕೈ ಹಿಡಿದ ಗಂಡಸನ್ನ ಬಿಡಿಸಿಕೊಳ್ಳೋದು ಹೇಗೆಂದು ತಿಳಿಯದೆ ಎಲ್ಲಕ್ಕೂ ಹೂಂ ಅಂದುಬಿಟ್ಟರು.

"ಮಾವ, ವೋಲ್ಟು ಎರಡರದ್ದೂ ಒಂದೇ. ನಿನ್ನ ಕಾರಿನ ಡೈನಮೋ ಚಿಕ್ಕದು. ಇದರ ಹೊಟ್ಟೆ ದೊಡ್ಡದು. ಈ ಜನ್ಮದಲ್ಲಿ ತುಂಬೋದಿಲ್ಲ" ಅಂದೆ.

"ದೊಡ್ಡೆತ್ತು ಕಟ್ಟಿದ್ರೆ ಯಾವನಾದ್ರೂ ಬೇಡ ಅಂದಾನೇನ್ಲಾ?"

ಬಿರಡೆ ತೆಗೆದ ಬೆರಳನ್ನ ಮಾವ ಹೊಸ ಪಂಚೆಗೆ ಒರೆಸಿಕೊಂಡಿದ್ದ. ಊರಿಗೆ ಹೋಗಿ ಪಂಚೆ ಒಗೆಸಿದಾಗ ಆಸಿಡ್ ತಾಗಿದ ಕಡೆಯೆಲ್ಲ ಜರಡಿಯಾಗಿತ್ತಂತೆ. ಮಾವ ಹೇಳಿ ಕಳಿಸಿದ: "ಅಲ್ಲು ನೋಡ್ದಾಗ್ಲೇ ಅನ್ಕಂಡೆ. ಕಚ್ಚೋ ತಳಿ ಅದು."

೨. ಬಸ್ಸಿನಲ್ಲಿ ಕರೆಂಟು

ನಾನಂದದ್ದೇ ನಿಜವಾಯಿತು. ಬ್ಯಾಟರಿ ಕಾರಿನ ಗೂಡಿನಲ್ಲಿ ಹಿಡಿಸದೆ ಹಿಂದಿನ ಸೀಟಿನ ಕಾಲಡಿ ಕೂತಿತು, ಡೈನಮೋ ಅದನ್ನ ತುಂಬಲಾರದೆ ಸೋತಿತು. ಆಗಾಗ ಅದನ್ನ ಮದ್ದೂರಿಗೆ ತಂದು ತುಂಬಿಸಿ, ಮಳವಳ್ಳಿ ಬಸ್ಸಿನಲ್ಲಿ ತೊಡೆಯ ಪಕ್ಕ ಕೂರಿಸಿಕೊಂಡು ವಾಪಸ್ಸು ಒಯ್ಯೋದು ನನ್ನ ಪಾಲಾಯಿತು. ನನಗೇನೂ ಬೇಜಾರಿರಲಿಲ್ಲ. ದಾರಿಯ ಆ ತುದಿಯಲ್ಲಿ ಅವಳಿದ್ದಳು.

ಒಮ್ಮೆ ಕಂಡಕ್ಟರ್ ಕೇಳಿದ, "ಏನ್ಲಾ ಅದ್ರಲ್ಲಿ?"

"ಕರೆಂಟು."

"ಎಲ್ಲೀದು?"

"ಬ್ಲಫ್‌ದು."

ಪಕ್ಕದಲ್ಲಿದ್ದ ಎಲೆ ಅಡಿಕೆ ಮುದುಕಿ ಬಾಯಿ ಬಿಟ್ಟಳು. "ಬ್ಲಫ್ಪು ನಮ್ಮೂರ ಮಗ್ಗುಲಲ್ಲೇ ಐತಲ್ಲಪ್ಪ! ಅಲ್ಲೀದ್ನ ಮದ್ದೂರಿಂದ ಒತ್ಕಂಡು ಬತ್ತಾ ಇದ್ದೀಯಾ?"

ಮುದುಕಿ ಅಂದದ್ದು ಸರಿಯೇ. ಕಾವೇರಿ ಧುಮುಕೋ ಕಡೆ ಕರೆಂಟು ತೆಗೆಯೋ ಆ ಬ್ಲಫ್ಪಿನಿಂದ ಹೊರಟ ತಂತಿ ನಮ್ಮ ಮಾವನ ಗದ್ದೆ ಮೇಲೇ ಹಾದುಹೋಗುತ್ತದೆ. ಸಂಜೆ ಅದರ ಕೆಳಗೆ ನಿಂತರೆ ಜೇನುಗೂಡಿನ ಹಾಗೆ ಹಾಡುತ್ತದೆ. ಹಾಡು ನಮಗೆ, ಬೆಳಕು ಪಟ್ಟಣಕ್ಕೆ. ಊರಲ್ಲಿ ಮಾತ್ರ ಹರಳೆಣ್ಣೆ ದೀಪ. ನಾನು ಕಿಟಕಿಯಾಚೆ ಓಡುತ್ತಿದ್ದ ಕಬ್ಬಿನ ಗದ್ದೆ ನೋಡುತ್ತಾ, ಕಾವೇರಿಯೇ ಈ ಪೆಟ್ಟಿಗೆಯೊಳಗೆ ಮುದುರಿ ಕೂತು ತವರಿಗೆ ಹೊರಟಿದ್ದಾಳೆ ಅಂತ ಏನೇನೋ ಅಂದುಕೊಳ್ಳುತ್ತಿದ್ದೆ. ಕಂಡಕ್ಟರ್ ಭುಜ ಅಲ್ಲಾಡಿಸಿದ.

"ಪೆಟ್ಟಿಗೆಗೂ ಟಿಕೇಟ್ ತಗಾ."

"ಅಯ್ಯೋ, ಇದು ನಮ್ಮೂರ ಮೇಲೇ ಹೋದದ್ದು ಕಣಣ್ಣ!"

"ಹೋಗೋವಾಗ ತಂತಿ ಮೇಲೆ ಬಿಟ್ಟಿ ಓಗೈತೆ. ಬರೋವಾಗ ಬಸ್ಸಲ್ಲಿ ಬತ್ತಾ ಐತಲ್ಲ?"

೩. ಹುರುಳಿ ಕಟ್ಟು

ಆ ಮನೆಯಲ್ಲಿ ನನ್ನ ಪರವಾಗಿದ್ದ ಒಂದೇ ಜೀವ ಅಂದರೆ ಅಜ್ಜಿ, ಮಾವನಿಗೂ ನನ್ನವ್ವನಿಗೂ ತಾಯಿ. ಬ್ಯಾಟರಿಗೆ ನೀರು ಮಾತ್ರ ಹಾಕೋದು ನೋಡಿ ಅವಳಿಗೆ ಕರುಳು ಚುರ್ ಅಂದಿತು. ಒಂದು ಬೆಳಗ್ಗೆ ಹಿತ್ತಾಳೆ ಚೊಂಬಿನ ತುಂಬ ಬಿಸಿಬಿಸಿ ಹುರುಳಿ ಕಟ್ಟು ಹಿಡಿದು ಕಾರಿನ ಹತ್ತಿರ ಬಂದಳು.

"ಯಾರಿಗಜ್ಜಿ?"

"ಇದುಕ್ಕೆ ಕಣ್ಲಾ. ಉಳೋ ಎತ್ತಿಗೆ ಬರೀ ನೀರು ಕುಡುಸ್ತೀವಾ? ಆ ಬಾಯಿ ತಗಿ."

ಆಯುಧಪೂಜೆಗೆ ಮುಂಚೆಯೇ ನನ್ನ ಮದುವೆ ಮುಳುಗುತ್ತಿತ್ತು. ಚೊಂಬು ಕಿತ್ತುಕೊಂಡೆ. ಚೆಲ್ಲಿದರೆ ಅಜ್ಜಿ ನೊಂದುಕೊಳ್ಳುತ್ತಾಳೆ, ಅದಕ್ಕೇ ನಾನೇ ಗಟಗಟ ಕುಡಿದೆ. ಅವತ್ತು ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆಳುಗಳು ನಾಟಿಗೆ ಹೋಗಿದ್ದರು. ನಾನೊಬ್ಬನೇ ಹಿಂದೆ ನಿಂತು ಊರಬಾಗಿಲವರೆಗೆ ತಳ್ಳಿದೆ, ಹೊರಟಿತು.

ಬೆವರು ಒರೆಸಿಕೊಂಡು ಬಂದರೆ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ನೋಡ್ದಾ? ಕುಡ್ದೋರ್ಗೆ ಸಕ್ತಿ ಬಂತು. ಅದುಕ್ಕೇ ಕೊಟ್ಟಿದ್ರೆ ಏನಾಯ್ತಿತ್ತು?"

೪. ಮಳೆ ನೀರು

ಬ್ಯಾಟರಿಗೆ ಬಾವಿ ನೀರು ಆಗದು, ನೆಲ ಮುಟ್ಟದ ಮಳೆ ನೀರೇ ಬೇಕು ಅಂತ ನಾನು ಮಾವನಿಗೆ ಅಪ್ಪಣೆ ಕೊಟ್ಟಿದ್ದೆ. ಹಿಡಿದಿಡೋ ಕೆಲಸ ಮಾವನ ಮಗಳಿಗೆ ಬಿತ್ತು. ಮೋಡ ಕಟ್ಟಿದರೆ ಅವಳು ಅಂಗಳಕ್ಕೆ ಬಂದು ಉಪ್ಪಿನಕಾಯಿಯ ಗಾಜಿನ ಜಾಡಿಯನ್ನ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಜಾಡಿಯೊಳಗೆ ಹನಿ ಬಿದ್ದ ಸದ್ದು ಮದ್ದೂರಿನ ಅಂಗಡಿಯಲ್ಲಿ ಕೂತ ನನಗೆ ಕೇಳಿಸುತ್ತಿತ್ತು. ನಂಬದವರು ನಂಬಬೇಡಿ.

ಒಮ್ಮೆ ನಾನು ಬ್ಯಾಟರಿಯನ್ನ ಮನೆಬಾಗಿಲಿಗೆ ತಂದು, ಒಳಗಿನ ಆಸಿಡ್ಡನ್ನ ಗಾಜಿನ ಪಿಚಕಾರಿಯಿಂದ ಎಳೆದು ಅದರ ಬಲ ಎಷ್ಟಿದೆ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅವಳು ಜಾಡಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನೀರಿನಲ್ಲಿ ಒಂದು ತುಂಡು ಮೋಡ, ಅದರ ಪಕ್ಕ ಅವಳ ಮೂಗುತಿ. ಅದನ್ನೇ ನೋಡುತ್ತಾ ಪಿಚಕಾರಿ ವಾಲಿಸಿಬಿಟ್ಟೆ, ಒಂದು ಹನಿ ಹೊಸಿಲಿನ ಕುಂಕುಮದ ಬೊಟ್ಟಿನ ಮೇಲೆ ಬಿತ್ತು. ಕೆಂಪು ಬೊಟ್ಟು ನೋಡನೋಡುತ್ತ ಹಳದಿಯಾಯಿತು. ಅವಳು ಹೊಸಿಲನ್ನೂ ನೋಡಿದಳು, ನನ್ನನ್ನೂ ನೋಡಿದಳು, ಮುಗುಳ್ನಕ್ಕಳು.

ದಿನಾ ಮೀಸೆ ತಿರುವಿದ್ದು ಸಾರ್ಥಕವಾಯಿತು ಅಂತ ನಾನು ಮಳವಳ್ಳಿವರೆಗೂ ಹಾಡಿಕೊಂಡು ನಡೆದೆ. ಬಸ್ಸು ಇರೋದು ಮರೆತೇ ಹೋಗಿತ್ತು.

೫. ಆಯುಧಪೂಜೆ ದಿವಸ

ಹಿಂದಿನ ದಿನವೇ ಬ್ಯಾಟರಿಯನ್ನ ಕಂಠಮಟ್ಟ ತುಂಬಿಸಿ ತಂದು ಕೂರಿಸಿದ್ದೆ. ಸಂಜೆ ಕೆರೆ ಏರಿ ಮೇಲೆ ಮಲಗಿ, ತಂತಿಯ ಹಾಡು ಕೇಳುತ್ತಾ, ಪೇಟ ಕೆಂಪು ಕಟ್ಟಲೋ ಬಿಳಿ ಕಟ್ಟಲೋ ಅಂತ ಯೋಚಿಸುತ್ತಿದ್ದೆ. ಅದೇ ಹೊತ್ತಿಗೆ ಮನೆ ಮುಂದೆ ಮಾವ, ಗಾಡಿ ಇಳಿದ ಒಬ್ಬೊಬ್ಬ ನೆಂಟನಿಗೂ ಕಾರಿನ ದೀಪ ಹಚ್ಚಿ ತೋರಿಸಿ, ಹಾರನ್ ಒತ್ತಿ ಒತ್ತಿ ಕೇಳಿಸುತ್ತಿದ್ದ. ಇದು ನನಗೆ ತಿಳಿದದ್ದು ಆಮೇಲೆ.

ಬೆಳಗ್ಗೆ ಕಾರಿಗೆ ಚೆಂಡು ಹೂವಿನ ಹಾರ, ಎರಡೂ ಕಡೆ ಬಾಳೆಕಂದು. ಮಾವನ ಮಗಳು ತಟ್ಟೆ ತಂದು, ಹಿಂದಿನ ಸೀಟಿನ ಕಾಲಡಿಯಿದ್ದ ಬ್ಯಾಟರಿಯ ತಲೆ ಮೇಲೆ ದಪ್ಪಗೆ ಕುಂಕುಮ ಇಟ್ಟಳು. ಮಾವ ಕೈ ಮುಗಿದು, ಹತ್ತಿ ಕೂತು ಗುಂಡಿ ಒತ್ತಿದ.

ಕಾರು ಒಂದು ಸಲ ಕೆಮ್ಮಿತು. ಮತ್ತೆ ಒತ್ತಿದ. ಟಕ್ ಅಂತು. ಇನ್ನೊಂದು ಸಲಕ್ಕೆ ಅದೂ ಇಲ್ಲ.

ನೆಂಟರು ಕೆಮ್ಮೋಕೆ ಶುರು ಮಾಡಿದರು. ನನ್ನ ಕಣ್ಣ ಮುಂದೆ ಮಂಡ್ಯದ ಗುಮಾಸ್ತ ಕೆಂಪು ಪೇಟ ಕಟ್ಟಿಕೊಂಡು ನಿಂತಿದ್ದ. ಮಾವ ಇಳಿದು, "ಆಯ್ತಲ್ಲ ಪಂಡಿತ್ರೇ?" ಅಂದ.

ಅಷ್ಟರಲ್ಲಿ ಮಾವನ ಮಗಳು ಮೆಲ್ಲಗೆ, "ಅಜ್ಜೀ, ಕುಂಕುಮ ನೋಡು" ಅಂದಳು.

ಅಜ್ಜಿ ಕಾರಿನೊಳಗೆ ತಲೆ ಹಾಕಿದಳು. ಕುಂಕುಮವೆಲ್ಲ ಹಳದಿಯಾಗಿ ಬ್ಯಾಟರಿ ಅರಿಸಿನ ಮೆತ್ತಿಕೊಂಡು ಕೂತಿತ್ತು. ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು.

"ಲೋ ಮಗಾ, ಇದು ಎಂಗ್ಲಾ ಒಂಟಾತು? ಅರಿಸ್ನ ಹಚ್ಕಂಡು ಕುಂತೈತೆ! ಅರಿಸ್ನ ಬಿದ್ದ ಮದಲಗಿತ್ತಿ ಮದ್ವೆ ಆಗೋಗಂಟ ಒಸ್ಲು ದಾಟ್ತಾಳಾ?"

"ಅವ್ವಾ, ಅದು ಬ್ಯಾಟರಿ ಕಣವ್ವ."

"ಈಗ ತಾನೆ ಅದುಕ್ಕೆ ಕೈ ಮುಗುದ್ಯಲ್ಲ? ಮುಗುದ್ ಮ್ಯಾಲೆ ಅದು ಏಳ್ದಂಗೆ ಕೇಳು. ಮನೇಲಿ ಮದ್ವೆ ಮಾಡು ಅಂತಾ ಐತೆ. ತಂದೋನು ಇಲ್ಲೇ ನಿಂತವ್ನೆ."

ನೆಂಟರೆಲ್ಲ ಹೌದು ಹೌದು ಅಂದರು. ಅಷ್ಟು ಬಾಯಿಗೆ ಮಾವನ ಒಂದು ಬಾಯಿ ಸಾಲಲಿಲ್ಲ.

ಮದುವೆ ಆಯಿತು. ಮೆರವಣಿಗೆಗೆ ಅದೇ ಕಾರು. ಬ್ಯಾಟರಿಗೆ ಇನ್ನೂ ಮದುವೆಯ ಸುದ್ದಿ ಮುಟ್ಟಿರಲಿಲ್ಲವೋ ಏನೋ, ಹೊರಡಲಿಲ್ಲ. ಆಳುಗಳೆಲ್ಲ ಊಟಕ್ಕೆ ಕೂತಿದ್ದರು. ಕಡೆಗೆ ಮಾವನೇ ನೆಂಟರ ಜೊತೆ ಹಿಂದೆ ನಿಂತು ತಳ್ಳಿದ. ನಾನು ಕೆಂಪು ಪೇಟ ಕಟ್ಟಿ ಹಿಂದಿನ ಸೀಟಿನಲ್ಲಿ ಮಹಾರಾಜನ ಹಾಗೆ ಕೂತು, ತೇರು ತೇಲಿದಂತೆ ತೇಲುತ್ತಾ, ಮೀಸೆ ತಿರುವಿದೆ.

"ನೋಡಿದ್ಯಾ ನನ್ನ ಬ್ಯಾಟರಿ ಮಹಿಮೆ? ನಾನು ತುಂಬಿಸಿದ್ರೆ ಬ್ಯಾಟರೀನೂ ಮಾತಾಡ್ತದೆ" ಅಂದೆ.

ಪಕ್ಕದಲ್ಲಿ ಕೂತಿದ್ದ ಅವಳು ಸೆರಗಿನ ಮರೆಯಿಂದ, "ಬಾವ, ಅವತ್ತು ನಾನು ನಕ್ಕಿದ್ದು ನಿನ್ ಮೀಸೆ ನೋಡಿ ಅಲ್ಲ. ಒಸ್ಲು ನೋಡಿ" ಅಂದಳು. "ಪೂಜೆ ದಿನ ಬೆರಳಾಡ್ಸಿ ನೋಡಿ, ಎಲ್ಲಿ ಆಸಿಡ್ ಒದ್ದೆ ಇತ್ತೋ ಅಲ್ಲೇ ಕುಂಕುಮ ಇಟ್ಟೆ."

ಮೀಸೆ ಮೇಲಿನ ಕೈ ತಾನಾಗೇ ಕೆಳಗಿಳಿಯಿತು. ಹಿಂದಿನಿಂದ ಮಾವನ ಏದುಸಿರು ಕೂಗಿತು:

"ಲೇ ಅಳಿಯಾ! ಆ ಬ್ಯಾಟರಿನಾದ್ರೂ ಕೆಳಿಕ್ ಇಳ್ಸ್ಲಾ, ತಳ್ಳೋಕೆ ಬಾರ ಕಮ್ಮಿ ಆಗ್ಲಿ!"