ಲೆನ್ಸಿನ ಔಷಧ

ಬರುವ ರವಿವಾರ ಮಾಂತೇಶನ ಬಾಯಿಗೆ ಬೀಗ ಜಡಿದೇ ತೀರುತ್ತೇನೆ ಎಂದು ಅರುಣ ಪಣ ತೊಟ್ಟಿದ್ದ. ಅರುಣನೆಂದರೆ ಬನಹಟ್ಟಿಯಲ್ಲಿ ಎಂಟು ಪವರ್‌ಲೂಮ್ ನಡೆಸುವ ಮನುಷ್ಯ. ವಾರವಿಡೀ ಆ ಖಟಾಖಟ್ ಸದ್ದಿನಲ್ಲಿ ಕೂತು ಎದ್ದವನು, ರವಿವಾರ ಬಂತೆಂದರೆ ಕಲಾವಿದನಾಗಿಬಿಡುತ್ತಿದ್ದ. ಹೆಗಲಿಗೆ ಕ್ಯಾಮೆರಾ ಚೀಲ, ತಲೆಗೆ ಟೋಪಿ, ಮುಖದ ಮೇಲೆ ಜಗತ್ತು ತನ್ನನ್ನು ಇನ್ನೂ ಗುರುತಿಸಿಲ್ಲವೆಂಬ ಸಿಟ್ಟು!

ಸಿಟ್ಟಿಗೆ ಕಾರಣವೂ ಇತ್ತೆನ್ನಿ. ಹಿಂದಿನ ರವಿವಾರ ಅನಗವಾಡಿಯ ಹೊಳೆದಂಡೆಯಲ್ಲಿ ಗೆಳೆಯರು ಸೇರಿದ್ದರು: ಇವನು, ರಬಕವಿಯ ಬಟ್ಟೆ ವ್ಯಾಪಾರಿ ಮಾಂತೇಶ, ಮುಧೋಳದ ಭೀಮಶಿ ಮತ್ತು ಭೀಮಶಿಯ ಬೇಟೆನಾಯಿ. ಆ ನಾಯಿ ಓಡುವಾಗ ನಾಲ್ಕೂ ಕಾಲು ನೆಲ ಬಿಟ್ಟ ಗಳಿಗೆಯನ್ನು ಫೋಟೊದಲ್ಲಿ ಹಿಡಿಯಬೇಕೆಂಬುದು ಮೂವರ ಜೀವಮಾನದ ಗುರಿ. ಅರುಣ ನಲವತ್ತು ಸಲ ಕ್ಲಿಕ್ಕಿಸಿದ. ಮೂವತ್ತೊಂಬತ್ತರಲ್ಲಿ ಬರೀ ಹೊಳೆದಂಡೆ ಬಂತು. ಒಂದರಲ್ಲಿ ಬಾಲ ಬಂತು.

“ಬಾಲ ಮಾತ್ರ ಭಾರಿ ಶಾರ್ಪ್ ಬಂದೈತಿ ನೋಡು,” ಎಂದ ಮಾಂತೇಶ, ತಣ್ಣನೆಯ ಬಾಟಲಿಯ ಮುಚ್ಚಳ ಕೀಳುತ್ತ. “ಕ್ಯಾಮೆರಾ ಜೋಡಿ ಪುಕ್ಕಟ ಬಂದ ಲೆನ್ಸಿನಾಗ ಇನ್ನೇನ್ ಬರ್ತೈತಲೇ? ಮನ್ಯಾಗ ಹುಡುಗ್ರ ಬರ್ತ್‌ಡೇ ಫೋಟೊ ತಗೀ ಅದರಾಗ.”

“ಫೋಟೊ ಲೆನ್ಸಿಂದ ಬರೂದಲ್ಲಲೇ, ಕಣ್ಣಿಂದ ಬರ್ತೈತಿ!”

“ಹಂಗಾರ ಇಷ್ಟ್ಯಾಕ ಹೊತ್ಕೊಂಡ ಬಂದಿ? ಕಣ್ಣಷ್ಟ ತರಬೇಕಿತ್ತು.”

“ಸಾಕ ಮಾಡ್ರಿ, ಬೀರ ಬಿಸಿ ಆಗಾಕತ್ತಾವ,” ಎಂದ ಭೀಮಶಿ. “ಬರೂ ವಾರ ನನ್ನ ನಾಯೀನ ಪೂರ್ತಿ ಹಿಡದಾವಗ ಉಳದ ಇಬ್ರೂ ಒಂದ ಡಜನ್ ಬೀರ ಕುಡಸ್ಬೇಕು. ಬಾಲ ಲೆಕ್ಕಕ್ಕಿಲ್ಲ!”

ಬಾಲದ ಈ ಅಪಮಾನವನ್ನು ಅರುಣ ಬೀರಿನ ಜೊತೆ ನುಂಗಿದ. ಅವನು ಬೀರು ಕುಡಿಯುತ್ತಿದ್ದುದು ಲೆನ್ಸಿನಲ್ಲಿ. ಗಾಬರಿಯಾಗಬೇಡಿ, ಅದು ಲೆನ್ಸಿನ ಆಕಾರದ ಲೋಟ. ಮಾಂತೇಶನೇ ಆನ್‌ಲೈನಿನಲ್ಲಿ ತರಿಸಿ ಕೊಟ್ಟದ್ದು. ಬಿಳಿ ಮೈ, ಸುತ್ತ ಅಂಕಿಗಳು, ಮೇಲೆ ಕಪ್ಪು ಮುಚ್ಚಳ, ಒಳಗೆ ಸ್ಟೀಲು. ದಂಡೆಯ ಮೇಲೆ ಯಾರಾದರೂ ಪರಿಚಯದವರು ಹಾದು ಹೋದರೆ, ಲೆನ್ಸು ಹಿಡಿದು ಕೂತ ಮರ್ಯಾದಸ್ಥನೊಬ್ಬ ಕಾಣಬೇಕು, ಅಷ್ಟೆ. ಅವನ ತಾಯಿ ಗುರುಬಾಯಿಯ ಮುಂದೆ ಬೀರಿನ ಹೆಸರೆತ್ತಿದರೂ ಆಕೆ ಬಾಯಿಗೆ ನೀರು ಹಾಕಿ ಮುಕ್ಕಳಿಸೆನ್ನುವವಳು. ಮಗ ಕುಡಿಯುತ್ತಾನೆಂದು ತಿಳಿದರೆ ಆ ಮನೆಯಲ್ಲಿ ಅವನಿಗೆ ರೊಟ್ಟಿ ಹುಟ್ಟುತ್ತಿರಲಿಲ್ಲ.

ಆದರೆ ಅಂದು ಲೋಟ ತೊಳೆಯುವುದನ್ನೇ ಮರೆತ. ಸಂಜೆ ಗುರುಬಾಯಿ ಚೀಲದ ಹತ್ತಿರ ನಿಂತು ಮೂಗು ಮುಚ್ಚಿಕೊಂಡಳು.

“ಏನೋ ಇದು, ಈ ಪರಿ ನಾರಾಕತ್ತೈತಿ?”

“ಲೆನ್ಸ್ ಬೇ ಯವ್ವಾ. ಬೂಷ್ಟ ಹಿಡೀಬಾರ್ದಂತ ಔಷಧ ಹಾಕೇನಿ.”

“ಒಳಗ ಟೊಳ್ಳ ಐತೆಲ್ಲೋ!”

“ಬೆಳಕ ಹೋಗಬೇಕಲ್ಲ ಬೇ.”

ಮರುದಿನ ನೋಡಿದರೆ ಲೋಟಕ್ಕೆ ಬೂದಿ ಹಚ್ಚಿ, ಒಳಗೂ ಹೊರಗೂ ತಿಕ್ಕಿ, ಭಾಂಡೆಗಳ ನಡುವೆ ಬೋರಲು ಹಾಕಿದ್ದಳು. ಅರುಣ ಏನೆನ್ನಬೇಕು? “ಛಲೋ ಆತ ಬೇ, ನಾನ ತೊಳೀಬೇಕಂತಿದ್ದೆ,” ಎಂದು ಹೊಗಳಿಬಿಟ್ಟ. ಹಲ್ಕಿರಿದು ಆಡಿದ ಆ ಒಂದು ಮಾತೇ ಅವನ ಕುತ್ತಿಗೆಗೆ ಬಂತು.

ಶನಿವಾರ ಅರುಣ ಹುಬ್ಬಳ್ಳಿಗೆ ಹೋಗಿ ಖರೇ ಲೆನ್ಸು ತಂದ. ಬಿಳಿಯದು, ದೊಡ್ಡದು, ಓಡುವ ನಾಯಿಯ ಮೀಸೆಯನ್ನೂ ಎಣಿಸಬಲ್ಲದು! ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೆಟ್ಟು ನಿಂತ ಎರಡು ಮಗ್ಗಗಳ ರಿಪೇರಿ ಮುಂದೂಡಿ ಲೆನ್ಸು ತಂದವನು ಹೇಳುವುದಾದರೂ ಹೇಗೆ? ದಾರಿಯಲ್ಲಿ ಮಾಂತೇಶನ ಗೋದಾಮಿನಲ್ಲಿ ಇಳಿದು ಅವನ ಹೊಟ್ಟೆ ಉರಿಸಿದ. ಲೆನ್ಸಿನ ಪೂಜೆಯೂ ಅಲ್ಲೇ ಆಯಿತು. ತೀರ್ಥ ಯಾವುದೆಂದು ಬೇರೆ ಹೇಳಬೇಕಿಲ್ಲ. ಲೋಟದ ತಳದಲ್ಲಿ ಉಳಿದದ್ದು ಚೀಲದೊಳಗೆ ಸೋರಿ ಹೊಸ ಲೆನ್ಸಿಗೂ ಪ್ರೋಕ್ಷಣೆಯಾಗಿತ್ತು. ಕಲಾವಿದರು ಇಂಥ ಚಿಲ್ಲರೆ ವಿಷಯಗಳನ್ನು ಗಮನಿಸುವುದಿಲ್ಲ.

ರವಿವಾರ ಬೆಳಿಗ್ಗೆ ಅರುಣ ಜಳಕ ಮುಗಿಸಿ ಹಾಡು ಗುನುಗುತ್ತ ಬಂದ. ಅಂಗಳದಲ್ಲಿ ಮಾಂತೇಶ ಬೈಕಿನ ಮೇಲೆ ಕೂತಿದ್ದ. ಅವನ ಮುಖ ಮಾತ್ರ ಯಾರೋ ಸತ್ತ ಮನೆಗೆ ಬಂದವನ ಹಾಗಿತ್ತು. ಭಾಂಡೆ ತೊಳೆಯುವ ಕಲ್ಲಿನತ್ತ ಬೆರಳು ತೋರಿಸಿದ.

ತಪೇಲಿ, ಚರಿಗೆ, ಸೌಟುಗಳ ನಡುವೆ ಹೊಸ ಲೆನ್ಸು ಬೋರಲು ನಿಂತಿತ್ತು. ತೊಟತೊಟ ತೊಟ್ಟಿಕ್ಕುತ್ತಿತ್ತು. ಅರುಣ ಅದನ್ನೆತ್ತಿ ಅಲ್ಲಾಡಿಸಿದ. ಗಾಜಿನ ಹಿಂದೆ ನೀರು ಕುಲುಕಿತು.

“ಯವ್ವಾ!” ಅರುಣನ ಕೂಗಿಗೆ ಪಕ್ಕದ ಮನೆಯ ಮಗ್ಗ ಕೂಡ ನಿಂತಿತು. “ಲೆನ್ಸ್ ತೊಳದೀಯೇನ್ ಬೇ?”

“ಹೂಂನಪಾ. ಮತ್ತ ಅದ ಔಷಧ ನಾರಾಕತ್ತಿತ್ತು,” ಎಂದಳು ಗುರುಬಾಯಿ, ಏನೂ ಆಗಿಲ್ಲವೆಂಬಂತೆ. “ಈ ಸಲ ಮುಚ್ಚಳಾ ಬಿಗದ ಕುಂತಿತ್ತು. ನಿನ್ನ ಹೆಂಡ್ತಿ ಮಗ್ಗದ ಪಾನಾ ಹಚ್ಚಿ ತಿರುವಿದ್ಲು, ಬರಲಿಲ್ಲ. ಅದಕ್ಕ ಬಿಸಿನೀರಾಗ ನೆನಿ ಹಾಕಿದ್ದೆ.”

ನಟ್ಟು ಬಿಚ್ಚುವ ಪಾನಾ! ಬಿಸಿನೀರು! ಹೇಳಿ, ಯಾವ ಮನುಷ್ಯನಿಗೆ ಮೈ ಉರಿಯುವುದಿಲ್ಲ? ಅರುಣ ಅಂಗಳದ ತುಂಬ ಕುಣಿದ. “ಏನ್ ಮಂದಿ ನೀವು! ಕಲಾ ಅಂದ್ರ ಕಿಮ್ಮತ್ತಿಲ್ಲ, ಕಲಾವಿದ ಅಂದ್ರ ಕಿಮ್ಮತ್ತಿಲ್ಲ! ಇಡೀ ಜಗತ್ತಿನಾಗ ಲೆನ್ಸ್ ಯಾರರ ತೊಳೀತಾರೇನು?”

“ಹ್ವಾದ ವಾರ ತೊಳದಾಗ ಛಲೋ ಆತ ಬೇ ಅಂದಿದ್ದೆಲ್ಲೋ?”

“ಅದು... ಅದ ಬ್ಯಾರೆ!”

“ಹೆಂಗ ಬ್ಯಾರೆ?”

ನ್ಯಾಯವೆಲ್ಲ ತನ್ನ ಕಡೆಗಿದೆ, ಆದರೆ ಒಂದು ಮಾತು ಆಡುವಂತಿಲ್ಲ! ಇದಕ್ಕಿಂತ ದೊಡ್ಡ ಅನ್ಯಾಯ ಭೂಮಿಯ ಮೇಲೆ ಇನ್ಯಾವುದಿದೆ? ಅರುಣ ನೆರವಿಗೆಂದು ತಿರುಗಿ ನೋಡಿದ. ಮಾಂತೇಶ ಬೈಕಿನ ಕನ್ನಡಿಯಲ್ಲಿ ತನ್ನ ಹಲ್ಲು ಪರೀಕ್ಷಿಸುತ್ತಿದ್ದ.

ಅಷ್ಟರಲ್ಲಿ ಹೆಂಡತಿ ಉಜ್ವಲಾ ಒಳಗಿನಿಂದ ಬಂದಳು. ಕೈಯಲ್ಲಿ ಚೀಲದ ತಳದಿಂದ ತೆಗೆದ ಇನ್ನೊಂದು ಬಿಳಿ ಲೆನ್ಸು.

“ಸಿಟ್ಟ್ಯಾಕ ಆಗ್ತೀರಿ? ಇಲ್ಲೊಂದ ಒಣಾ ಐತೆಲ್ಲ. ಇದನ್ನ ಹಚ್ಚಿ ಫೋಟೊ ತಗೀರಿ.”

“ಅದ... ಇವತ್ತ ಬ್ಯಾಡ ಬಿಡ.”

“ಯಾಕ ಬ್ಯಾಡ? ಕ್ಯಾಮೆರಾಕ್ಕ ಹಚ್ರಿ. ಅತ್ತಿನೂ ನೋಡ್ಲಿ.”

ಅರುಣ ಕ್ಯಾಮೆರಾ ಹಿಡಿದ, ಲೋಟ ಹಿಡಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಬೆವರಿದ. ಮುಚ್ಚಳ ಕಳಚಿ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಹಿಂದಿನ ದಿನದ ಎರಡು ಹನಿ ಅವನ ಅಂಗಿಯ ಮೇಲೆ ಚೆಲ್ಲಿ, ಅಂಗಳವೆಲ್ಲ ಔಷಧದ ಪರಿಮಳ!

ಗುರುಬಾಯಿ ಲೋಟ ಇಸಿದುಕೊಂಡು ಮೂಸಿದಳು. ಒಳಗೆ ಇಣುಕಿದಳು. ಮಗನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹಂಗಾರ,” ಎಂದಳು ಮೆಲ್ಲಗೆ, “ಔಷಧ ಲೆನ್ಸ್ ಕುಡೀತಿದ್ದಿಲ್ಲ ಅನ್ನು.”

ಬೈಕು ಗುರ್ರೆಂದಿತು. ಮಾಂತೇಶ ಓಣಿಯ ತಿರುವಿನಲ್ಲಿ ಮಾಯವಾದ.

ಖರೇ ಲೆನ್ಸು ಈಗ ಅಕ್ಕಿಯ ಡಬ್ಬಿಯಲ್ಲಿ ಒಣಗುತ್ತಿದೆ. ಲೋಟಕ್ಕೆ ಮಾತ್ರ ಕೆಲಸ ತಪ್ಪಿಲ್ಲ. ಪ್ರತಿ ರವಿವಾರ ಅರುಣ ಟೋಪಿ ಹಾಕುವ ಹೊತ್ತಿಗೆ ಸರಿಯಾಗಿ ಗುರುಬಾಯಿ ಅದರ ತುಂಬ ಬೇವಿನ ತಪ್ಪಲಿನ ಕಷಾಯ ಕುದಿಸಿ ತರುತ್ತಾಳೆ. ಕೊನೆಯ ಹನಿ ಇಳಿಯುವವರೆಗೂ ಎದುರಿಗೇ ನಿಲ್ಲುತ್ತಾಳೆ.

“ಕುಡೀಪಾ,” ಎನ್ನುತ್ತಾಳೆ. “ಬೂಷ್ಟ ಹಿಡೀಬಾರ್ದಲ್ಲ.”