ಮಲ್ಲಿಗೆ ಹಾಕಿ ಸೀಟು ಹಿಡಿದದ್ದು

ಬೆಂಗಳೂರು ನನಗೆ ಅಂಗೈ ಮೇಲಿನ ನೆಲ್ಲಿಕಾಯಿ! ಹಾಗಂತ ಹೂವಿನಹಡಗಲಿಯ ಬಸ್ ನಿಲ್ದಾಣದಲ್ಲಿ ಕೇಳಿದವರಿಗೂ ಕೇಳದವರಿಗೂ ಸಾರಿದೆ. ಇಪ್ಪತ್ತೆಂಟು ವರ್ಷದ ಹಿಂದೆ ಇಲಾಖೆಯ ತರಬೇತಿಗೆಂದು ಅಲ್ಲಿ ನಲವತ್ತು ದಿನ ಇದ್ದವನು ನಾನು. ಒಂದು ರಾಜಧಾನಿಯನ್ನು ಗೆಲ್ಲಲು ಮನುಷ್ಯನಿಗೆ ಇನ್ನೆಷ್ಟು ದಿನ ಬೇಕು?

"ಅಡ್ರೆಸ್ಸು ಫೋನಿನ್ಯಾಗ ಹಾಕ್ಕೊಳ್ರಿ, ಅದಾ ದಾರಿ ತೋರಸ್ತತಿ" ಎಂದಳು ಹೆಂಡತಿ ಸುಕನ್ಯಾ.

"ನನಗ ದಾರಿ ತೋರ್ಸೋ ಫೋನು ಇನ್ನೂ ಹುಟ್ಟಿಲ್ಲ! ತಗೋ, ನಿನ್ನ ಬ್ಯಾಗಿನಾಗ ಇಟ್ಕೋ" ಎಂದು ಫೋನನ್ನು ಅವಳ ಕೈಗೇ ಕೊಟ್ಟುಬಿಟ್ಟೆ.

ಹೊರಟ ಕೆಲಸ ಸಣ್ಣದಲ್ಲ. ತಂಗಿ ಸೌಭಾಗ್ಯಳ ಮಗಳು ಕೀರ್ತನಾಗೆ ಚೊಚ್ಚಲ ಬಸುರಿನ ಕುಬಸ. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಶಾಸ್ತ್ರ ಬೆಂಗಳೂರಿನಲ್ಲೇ. ಹುಡುಗಿ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ಮಾಮಾ, ಇಲ್ಲಿ ಹೂವಿಗೆ ವಾಸನೀನಾ ಇಲ್ಲ. ನಮ್ಮ ಹಡಗಲಿ ಮಲ್ಲಿಗಿ ತಗೊಂಡು ಬರ್ರಿ, ಸಾಕು" ಎಂದಿದ್ದಳು. ಹನ್ನೊಂದು ಗಂಟೆಗೆ ಮುಡಿಸಬೇಕು. ಸುಕನ್ಯಾ ಕೂತು ನಲವತ್ತು ಮೊಳ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿದಳು. ಹೊರುವ ಹೊಣೆ ಸೋದರಮಾವನದು!

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ನನ್ನ ನೆಲ್ಲಿಕಾಯಿ ಎಲ್ಲೂ ಕಾಣಲಿಲ್ಲ! ನಾನು ಗುರುತಿಟ್ಟುಕೊಂಡಿದ್ದ ಟಾಕೀಸಿನ ಜಾಗದಲ್ಲಿ ಗಾಜಿನ ಕಟ್ಟಡ. ಗಾಜಿನ ಬುಡದಲ್ಲಿ ಆಳವಾದ ಗುಂಡಿ. ಗುಂಡಿಯ ದಂಡೆಯ ಮೇಲೆ, ಇನ್ನೇನು ಬಿದ್ದೀತು ಎನ್ನುವಂತೆ ಬಾಳೆಹಣ್ಣಿನ ಗಾಡಿ. ಕುತೂಹಲ ತಡೆಯಲಾಗದೆ ಬಗ್ಗಿ ನೋಡಿದೆ. ಒಳಗೆ ಇಬ್ಬರು ಹೆಲ್ಮೆಟ್ಟಿನವರು.

"ಏನು ನಡದೈತಿ?" ಎಂದೆ.

"ಪೈಪ್ ಹಾಕ್ತಿದೀವಿ" ಎಂದ ಒಬ್ಬ.

"ಏ, ತೆಗೀತಿದೀವಿ ಕಣೋ" ಎಂದ ಇನ್ನೊಬ್ಬ.

ಎಂಥ ಊರು! ಇನ್ನಷ್ಟು ಬಗ್ಗಿದೆ.

"ಗುಂಡಿ ನಮ್ಮೂರಾಗೂ ಅದಾವ, ನಡೀರಿ! ಹೂವು ಬಾಡ್ತತಿ" ಎಂದು ಸುಕನ್ಯಾ ತೋಳು ಹಿಡಿದೆಳೆದು ಮೆಟ್ರೊ ಮೆಟ್ಟಿಲು ಇಳಿಸಿದಳು.

ಇಲ್ಲಿ ನಮ್ಮ ಸೀಮೆಯ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ಕೂಡ್ಲಿಗಿಯಾಗಲಿ, ಕೊಟ್ಟೂರಾಗಲಿ, ಹರಪನಹಳ್ಳಿಯಾಗಲಿ, ಬಸ್ಸು ನಿಲ್ದಾಣಕ್ಕೆ ತಿರುಗುತ್ತಿದ್ದಂತೆ ಓಡಿ ಹೋಗಿ ಕಿಟಕಿಯೊಳಗೆ ಟವೆಲ್ಲು ಒಗೆದರೆ ಆ ಸೀಟು ನಮ್ಮದು. ಮಂತ್ರಿಯೇ ಬಂದರೂ ಟವೆಲ್ಲಿನ ಮೇಲೆ ಕೂರುವಂತಿಲ್ಲ! ಟವೆಲ್ಲು ಇಲ್ಲದವರು ಛತ್ರಿ ಒಗೆಯುತ್ತಾರೆ, ಚಪ್ಪಲಿ ಒಗೆಯುತ್ತಾರೆ. ಕೂಸನ್ನೇ ಕಿಟಕಿಯಿಂದ ಇಳಿಬಿಟ್ಟವರನ್ನೂ ಕಂಡಿದ್ದೇನೆ. ಅರವತ್ತನಾಲ್ಕು ವಿದ್ಯೆಗಳ ಪಟ್ಟಿ ಮಾಡಿದವನು ನಮ್ಮ ಕಡೆ ಬಸ್ಸು ಹತ್ತಿರಲಿಲ್ಲ. ಹತ್ತಿದ್ದರೆ ಅರವತ್ತೈದು ಆಗುತ್ತಿದ್ದವು. ನಾನಂತೂ ಅದರಲ್ಲಿ ಪಂಡಿತ.

ರೈಲು ಬಂತು. ನೋಡುತ್ತೇನೆ, ತೆರೆಯುವ ಕಿಟಕಿಯೇ ಇಲ್ಲ! ಬಾಗಿಲು ತೆರೆಯಿತು. ಎದುರಿಗೇ ಎರಡು ಸೀಟು ಖಾಲಿ. ಸುಕನ್ಯಾ ಹತ್ತು ಹೆಜ್ಜೆ ಹಿಂದಿದ್ದಳು. ಹೆಗಲ ಮೇಲೆ ಟವೆಲ್ಲಿಲ್ಲ. ಒಂದು ಕಾಲು ಒಳಗಿಟ್ಟು, ಕೈಯಲ್ಲಿದ್ದ ಮಲ್ಲಿಗೆ ಚೀಲವನ್ನೇ ಬೀಸಿ ಒಗೆದೆ. ಎರಡೂ ಸೀಟಿಗೆ ಅಡ್ಡಲಾಗಿ ಬಿತ್ತು ನೋಡಿ, ಅದೇನು ಗುರಿ! ಹೊರಬಂದು, ಕುಸ್ತಿ ಗೆದ್ದ ಪೈಲ್ವಾನನಂತೆ ಕೂಗಿದೆ: "ಲೇ, ಸೀಟು ಹಿಡದೀನಿ! ನಿಧಾನಕ್ಕ ಬಾ!"

ಅವಳು ನಿಧಾನಕ್ಕೇ ಬಂದಳು. ಬಾಗಿಲು ನಿಧಾನ ಮಾಡಲಿಲ್ಲ.

"ಹೋಲ್ಡಾನ್! ಹೋಲ್ಡಾನ್!" ಎಂದು ಗಾಜು ಬಡಿದೆ. ಕಂಡಕ್ಟರ್ ಇಲ್ಲದ ಗಾಡಿ ಯಾರ ಮಾತು ಕೇಳೀತು?

"ಹೂವು ಎಲ್ಲಿ?" ಎಂದಳು ಸುಕನ್ಯಾ.

"ಸೀಟಿನ ಮ್ಯಾಲೆ."

"ಸೀಟು ಎಲ್ಲಿ?"

ನಾನು ಸುರಂಗದ ಕಡೆ ಬೆರಳು ತೋರಿಸಿದೆ.

"ಅಯ್ಯ ನಿಮ್ಮ! ಬಸುರಿ ಹೆಣ್ಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದು! ತಡೀರಿ, ಇಲ್ಲಿಯವರಿಗೆ ಹೇಳೋಣು..."

ತಡೆಯುವ ಜಾಯಮಾನ ನನ್ನದಲ್ಲ. ಮುಂದಿನ ರೈಲು ಬಂದದ್ದೇ ಹಾರಿ ಹತ್ತಿದೆ. "ಮುಂದಿನ ಸ್ಟೇಷನ್ನಾಗ ಹಿಡೀತೀನಿ ಅದನ್ನ!" ಎಂದು ಗರ್ಜಿಸುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಸುಕನ್ಯಾ, ಅವಳ ಬ್ಯಾಗು, ಬ್ಯಾಗಿನಲ್ಲಿ ನನ್ನ ಫೋನು!

ಒಂದು ರೈಲು ಇನ್ನೊಂದನ್ನು ಹಿಂದಿಕ್ಕುವುದಿಲ್ಲ ಎಂಬ ಜ್ಞಾನೋದಯ ಮೂರನೆಯ ನಿಲ್ದಾಣದಲ್ಲಾಯಿತು.

"ಎಲ್ಲಿ ಇಳೀಬೇಕು ಸಾರ್?" ಎಂದು ಪಕ್ಕದವರು ಕೇಳಿದರು.

"ಮಲ್ಲಿಗಿ ಎಲ್ಲಿ ಇಳೀತತೋ ಅಲ್ಲಿ" ಎಂದೆ. ಅವರು ಸ್ವಲ್ಪ ಸರಿದು ನಿಂತರು.

ಅಷ್ಟರಲ್ಲಿ ರೈಲು ನೆಲ ಸೀಳಿಕೊಂಡು ಮೇಲಕ್ಕೆ ಹತ್ತಿತು. ಈಗ ನನ್ನ ತಪ್ಪೊಪ್ಪಿಗೆ. ನಾನು ಹೂವನ್ನು ಮರೆತೆ! ಯಾರದೋ ಮಹಡಿಯ ಮೇಲೆ ಒಣಗಿದ ಹಪ್ಪಳ, ಅದರ ಪಕ್ಕದಲ್ಲೇ ಈಜುಕೊಳ. ಅರ್ಧ ಕೆಡವಿದ ಮನೆಯ ಗೋಡೆಗೆ ಇನ್ನೂ ನೇತಾಡುವ ಕ್ಯಾಲೆಂಡರು. ನೀರಿನ ಟ್ಯಾಂಕರುಗಳ ಸಾಲಿನ ನಡುವೆ ಗಂಭೀರವಾಗಿ ನಡೆಯುವ ಒಂದು ಎಮ್ಮೆ. ಈ ಊರನ್ನು ಕಟ್ಟುತ್ತಿದ್ದಾರೋ, ಕೆಡವುತ್ತಿದ್ದಾರೋ? ಗಾಜಿಗೆ ಮೂಗು ಒತ್ತಿ ನೋಡುತ್ತಲೇ ಕೊನೆಯ ನಿಲ್ದಾಣ ತಲುಪಿದೆ.

ಮಲ್ಲಿಗೆ ಇರಲಿಲ್ಲ. ಬರಿಗೈಲಿ ಹೋಗಿ ಆ ಹುಡುಗಿಗೆ ಯಾವ ಮುಖ ತೋರಿಸಲಿ? ಆಗ ಕೇಳಿಸಿತು ಆಕಾಶವಾಣಿ: "ಹೂವಿನಹಡಗಲಿಯ ಹಾಲಸ್ವಾಮಿಯವರು ಎಲ್ಲಿದ್ದರೂ ಮೆಜೆಸ್ಟಿಕ್ ನಿಲ್ದಾಣದ ಕಚೇರಿಗೆ ಬರಬೇಕು. ನಿಮ್ಮ ಮನೆಯವರು ಕಾಯುತ್ತಿದ್ದಾರೆ." ಇಡೀ ರಾಜಧಾನಿಗೆ ನನ್ನ ಹೆಸರು ಗೊತ್ತಾಗಬೇಕೆಂಬ ಆಸೆಯೇನೋ ನನಗಿತ್ತು, ಆದರೆ ಹೀಗಲ್ಲ!

ಬೆವರಿ ತೊಯ್ದು ಕಚೇರಿ ಮುಟ್ಟಿದಾಗ ಹತ್ತು ಗಂಟೆ. ಸುಕನ್ಯಾ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ತೊಡೆಯ ಮೇಲೆ ಮಲ್ಲಿಗೆ ಚೀಲ! ಆಟೋದಲ್ಲಿ ಅರ್ಧ ತಾಸಿನ ದಾರಿ; ಶಾಸ್ತ್ರಕ್ಕೆ ಮುಟ್ಟಬಹುದು.

"ನಿಮ್ಮ ಮನೆಯವರು ಹೇಳಿದ ಕೂಡಲೆ ಫೋನ್ ಮಾಡಿ, ನಾಲ್ಕನೇ ಸ್ಟೇಷನ್‌ನಲ್ಲಿ ಚೀಲ ಇಳಿಸಿಕೊಂಡ್ವಿ ಸಾರ್" ಎಂದರು ಅಲ್ಲಿದ್ದ ಅಧಿಕಾರಿಣಿ. "ಅಷ್ಟು ರಶ್‌ನಲ್ಲೂ ಆ ಎರಡು ಸೀಟಲ್ಲಿ ಒಬ್ಬರೂ ಕೂತಿರಲಿಲ್ಲ. ಚೀಲದಲ್ಲಿ ಏನಿದೆಯೋ ಅಂತ ಭಯ!"

"ನೋಡಿದ್ಯಾ?" ಎಂದೆ ಸುಕನ್ಯಾಳಿಗೆ. ಅವಳು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

ಅಧಿಕಾರಿಣಿ ದಪ್ಪನೆಯ ರಿಜಿಸ್ಟರು ತಿರುಗಿಸಿಟ್ಟರು. "ವಾಪಸ್ ಪಡೆದ ವಸ್ತು ಒಂದು ಅಂತ ಬರೆದಿದೀನಿ ಮೇಡಂ. ಸೈನ್ ಮಾಡಿ."

ಸುಕನ್ಯಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎರಡು ಅಂತ ತಿದ್ದಿ ಬರಕೊಳ್ರಿ, ಮೇಡಮ್ಮರ."

ಅಧಿಕಾರಿಣಿ ನಗು ತಡೆದುಕೊಂಡು ಪೆನ್ನು ಎತ್ತಿದರು. "ವಸ್ತು ಯಾವ ಸ್ಥಿತೀಲಿದೆ ಅಂತಾನೂ ಬರೀಬೇಕು. ಏನಂತ ಬರೀಲಿ?"

ಸುಕನ್ಯಾ ಒದ್ದೆ ಬಟ್ಟೆ ಸರಿಸಿ ಒಮ್ಮೆ ಇಣುಕಿದಳು.

"ಮಲ್ಲಿಗಿ ಚಂದಾಗೇ ಐತ್ರಿ. ಇವ್ರು ಬಾಡ್ಯಾರ."